ಹಸು ಸತ್ತರೆ 37,500 ರೂಪಾಯಿ ಅಂತ ಬಂದ ಮೆಸೇಜು

ಹಾವೇರಿ ಕಡೆಯ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿ ನಡೆದ ಮಾತು ಇದು. ಹೈನುಗಾರರಿಗೆ ಉಪಯೋಗವಾಗಲಿ ಎಂದು, ಹೆಸರುಗಳನ್ನು ಬಿಟ್ಟು, ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸಣ್ಣ ಕಾಕಾ: "ಹಸು ಸತ್ತರೆ ಸರ್ಕಾರದಿಂದ 37,500! ನಾಳೆಯೇ ಕೊನೆ ದಿನ. ಎಲ್ಲ ರೈತರಿಗೂ ಕಳಿಸಿ." ನೋಡಿ, ದುಡ್ಡು ಬರುತ್ತದೆ. ನಮಗೆ ಮಾತ್ರ ಯಾರೂ ಹೇಳುವುದಿಲ್ಲ.

ಅಣ್ಣ: ಕಾಕಾ, ಆದೇಶ ಎಲ್ಲಿದೆ? ಇಲಾಖೆ ಹೆಸರಿಲ್ಲ, ತಾರೀಖಿಲ್ಲ.

ಸಣ್ಣ ಕಾಕಾ: ನಿನಗೆ ಎಲ್ಲಕ್ಕೂ ಆದೇಶ ಬೇಕು. 2022ರಲ್ಲಿ ಚರ್ಮಗಂಟು ರೋಗಕ್ಕೆ ನಮ್ಮ ಎತ್ತು ಹೋಯಿತು. ಎತ್ತಿಗೆ 30,000, ಹಸುವಿಗೆ 20,000 ಪರಿಹಾರ ಅಂತ ಬೆಂಗಳೂರಲ್ಲಿ ಕೂತ ನಿನಗೆ ಗೊತ್ತಿತ್ತು. ನಮಗೆ ಗೊತ್ತಾಗುವಷ್ಟರಲ್ಲಿ ಹೂತಾಗಿತ್ತು.

ಅಣ್ಣ: ಇದೇ ಗುಂಪಿನಲ್ಲಿ ಹಾಕಿದ್ದೆ. ನೀವು ಓದಲೇ ಇಲ್ಲ.

ದೊಡ್ಡಪ್ಪ: ಹಿರಿಯರಿಗೆ ಹಾಗೆ ಎದುರಾಡಬಾರದು. ಮೂಕ ಪ್ರಾಣಿಯ ಸಾವಿಗೆ ರೊಕ್ಕದ ಲೆಕ್ಕ ಯಾಕೆ? ಎತ್ತು ಸತ್ತ ದಿನ ನಮ್ಮ ಅಪ್ಪ ಊಟ ಮಾಡುತ್ತಿರಲಿಲ್ಲ.

ಅತ್ತೆ ಮಗಳು: ಅಜ್ಜನ ಬಿಳಿ ಎತ್ತು ನೆನಪಿದೆಯಾ? ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಎತ್ತು ಓಡಿಸಿ ಕರಿ ಹರಿಯುವಾಗ ಅದೇ ಮುಂದಿತ್ತು!

ಸಣ್ಣ ಕಾಕಾ: ಮುಂದಿದ್ದದ್ದು ಗೌಡರ ಎತ್ತು.

ಕಾಕು: ಸಂಜೆ ನಮ್ಮ ಹಸುವಿಗೆ ಹಾವು ಕಚ್ಚಿತು. ಉಳಿಯಲಿಲ್ಲ. ಬೆಳಿಗ್ಗೆ ಹೂಳಬೇಕು. ಈ ದುಡ್ಡು ಸಿಗುತ್ತದಾ?

ಅದರ ಕೆಳಗೂ ಬಿಳಿ ಎತ್ತಿನ ಮಾತೇ. ಹಾಲು ಮಾರಿ ಮನೆ ನಡೆಸುವ ಹೆಂಗಸು ಕೇಳುತ್ತಿದ್ದಾಳೆ, ಒಬ್ಬರೂ ಉತ್ತರ ಕೊಡಲಿಲ್ಲ. ನನಗೆ ತಡೆಯಲಾಗಲಿಲ್ಲ.

ನಾನು: ಕಾಕು, ಹೂಳಬೇಡಿ! ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಡಾಕ್ಟರು ಬಂದು ಪೋಸ್ಟ್‌ಮಾರ್ಟಂ ಮಾಡಿ ವರದಿ ಕೊಡಬೇಕು. ಹಸುವಿನ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ ಕಾಣುವ ಹಾಗೆ ಫೋಟೋ ತೆಗೆದಿಡಿ. ಆ 37,500 ಅನ್ನುವುದು ನೆರೆಯಂಥ ವಿಕೋಪದಲ್ಲಿ ಸತ್ತ ಹಾಲು ಕೊಡುವ ದನದ ದರ. ನೀವು ಕೇಳಬೇಕಾದದ್ದು ರಾಜ್ಯ ಸರ್ಕಾರದ ಅನುಗ್ರಹ ಯೋಜನೆ. ಆಕಸ್ಮಿಕವಾಗಿ ಸತ್ತ ದನಕ್ಕೆ ಇರುವುದು ಅದು. 2025ರ ಬಜೆಟ್‌ನಲ್ಲಿ 10,000ದಿಂದ 15,000ಕ್ಕೆ ಏರಿಸಿದ್ದಾರೆ.

ಕಾಕು: ಅಷ್ಟು ದುಡ್ಡಲ್ಲಿ ಇಂಥ ಹಸು ಬರುತ್ತದಾ?

ಬರುವುದಿಲ್ಲ. ಅದಕ್ಕೇ ನನಗೆ ಈ ಮೆಸೇಜುಗಳ ಮೇಲೆ ಸಿಟ್ಟು. ಇಲ್ಲದ 37,500ರ ಆಸೆ ಹುಟ್ಟಿಸುತ್ತವೆ. ವರದಿ ಇಲ್ಲದೆ ಹೂತರೆ ಸಿಗುವ 15,000 ಕೂಡ ಹೋಗುತ್ತದೆ ಎಂಬ ಒಂದು ಸಾಲು ಮಾತ್ರ ಅವುಗಳಲ್ಲಿ ಇರುವುದಿಲ್ಲ.

ಸಣ್ಣ ಕಾಕಾ: ದುಡ್ಡು ಬರುತ್ತದೆ ಅಂತ ನಾನು ಹೇಳಿದ್ದು ಸರಿ ಆಯಿತಲ್ವಾ?

ಅಣ್ಣ: ನೀವು ಹೇಳಿದ್ದು 37,500.

ದೊಡ್ಡಪ್ಪ: ಇಬ್ಬರೂ ಸಾಕು ಮಾಡಿ.

ಕಾಕು: ಡಾಕ್ಟರಿಗೆ ಫೋನ್ ಹತ್ತಿತು. ಬೆಳಿಗ್ಗೆ ಬರುತ್ತಾರಂತೆ.

ಸಣ್ಣ ಕಾಕಾ: ವೈನಿ, ನಾನೂ ಬರುತ್ತೇನೆ. ಆಧಾರ್, ಪಾಸ್‌ಬುಕ್ ತೆಗೆದಿಡಿ.