ಪುಣೆಯಲ್ಲಿ ಡಿಜಿಟಲ್ ಕಮ್ಯುನಿಕೇಷನ್ ಮೊದಲ ವಾರ: ಈ 8000 ಎಲ್ಲಿಂದ ಬಂತು?

ಧಾರವಾಡದ ಹುಡುಗಿ:
ಎಂ.ಟೆಕ್‌ಗೆ ಪುಣೆಗೆ ಬಂದು ಇದೇ ಮೊದಲ ವಾರ. ಮೆಸ್‌ನಲ್ಲಿ ಎಲ್ಲಾ ಮರಾಠಿ, ಅದು ಹೇಗೋ ನಡೆಯುತ್ತದೆ. ಆದರೆ ಲ್ಯಾಂಡ್‌ಲೈನ್ ಫೋನ್ ಧ್ವನಿಯನ್ನು ಸೆಕೆಂಡಿಗೆ 8000 ಸಲ ಸ್ಯಾಂಪಲ್ ಮಾಡುತ್ತಾರೆ, ಅಂದರೆ ಅಷ್ಟು ಸಲ ಅಲೆಯ ಎತ್ತರ ಅಳೆಯುತ್ತಾರೆ ಅಂತ ಹೇಳಿ ಸರ್ ಮುಂದೆ ಹೋಗಿಬಿಟ್ಟರು. ಯಾಕೆ 8000? ನಡುವಿನ ಧ್ವನಿ ಕಳೆದುಹೋಗಲ್ವಾ?

ಹಡಪ್ಸರ್ ಅಣ್ಣ:
ಹೋಗುವುದಿಲ್ಲ ತಂಗಿ, ಅದೇ ಇದರ ಮಜಾ. ಸಿಗ್ನಲ್‌ನ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ (ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವುದು, ಹರ್ಟ್ಸ್‌ನಲ್ಲಿ) ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಸ್ಯಾಂಪಲ್ ತೆಗೆದರೆ ಮೂಲ ಅಲೆಯನ್ನು ಪೂರ್ತಿ ವಾಪಸ್ ಕಟ್ಟಬಹುದು, ಫೋನ್‌ನಲ್ಲಿ ಮಾತು ಸುಮಾರು 300ರಿಂದ 3400 ಹರ್ಟ್ಸ್, ಎರಡು ಪಟ್ಟು ಅಂದರೆ 6800, ಅದಕ್ಕಿಂತ ಮೇಲಿನದನ್ನು ತಡೆಯುವ ಯಾವ ಫಿಲ್ಟರೂ ಗೆರೆ ಎಳೆದ ಹಾಗೆ ಕತ್ತರಿಸುವುದಿಲ್ಲ, ಹಾಗಾಗಿ ಸ್ವಲ್ಪ ಜಾಗ ಬಿಟ್ಟು 8000. ಒಂದೊಂದು ಸ್ಯಾಂಪಲ್‌ಗೆ 8 ಬಿಟ್. ಅಲ್ಲಿಗೆ ಸೆಕೆಂಡಿಗೆ 64 ಕಿಲೋಬಿಟ್.

ಕೊತ್ರೂಡ್ ಕನ್ನಡಿಗ:
ಅಣ್ಣ ಒಂದು ಬಿಟ್ಟರು. ಕಳೆದುಹೋಗುವುದು ಆಮೇಲೆ, 8 ಬಿಟ್‌ಗೆ ಇಳಿಸುವಾಗ. 256 ಹಂತ ಮಾತ್ರ ಅಲ್ವಾ, ನಡುವಿನ ಬೆಲೆಯನ್ನು ಹತ್ತಿರದ ಹಂತಕ್ಕೆ ತಳ್ಳುತ್ತಾರೆ, ಆ ವ್ಯತ್ಯಾಸವೇ ಕ್ವಾಂಟೈಸೇಷನ್ ನಾಯ್ಸ್. ಮೆಲುದನಿ ಕೆಡದಿರಲಿ ಅಂತ ಅಲ್ಲಿ ಹಂತ ಚಿಕ್ಕದು, ಭಾರತದಲ್ಲಿ ಇದಕ್ಕೆ ಎ-ಲಾ ಅನ್ನುವ ಪದ್ಧತಿ ಬಳಸುತ್ತಾರೆ. ಮುಂದಿನ ಪಾಠಗಳಿಗೆ ಪ್ರಾಬೆಬಿಲಿಟಿ ಈಗಲೇ ಗಟ್ಟಿ ಮಾಡಿಕೊಳ್ಳಿ, ಮಾಹಿತಿ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ ಶ್ಯಾನನ್ 1948ರಲ್ಲಿ ಬರೆದದ್ದೆಲ್ಲಾ ಅದರ ಮೇಲೇ ನಿಂತಿದೆ.

ಧಾರವಾಡದ ಹುಡುಗಿ:
ಅಯ್ಯೋ, ಮತ್ತೆ ಪ್ರಾಬೆಬಿಲಿಟಿನಾ! ಥ್ಯಾಂಕ್ಸ್ ಅಣ್ಣಂದಿರೇ. ಹಾಗೇ, ಇಲ್ಲಿ ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ?