ಇಷ್ಟದ ಕೆಲಸವೋ, ದುಪ್ಪಟ್ಟು ಸಂಬಳವೋ?

ಹಾಸನದ ಹುಡುಗಿ:
ಬೆಂಗಳೂರಿನ ಸಣ್ಣ ಸಂಸ್ಥೆಯಲ್ಲಿದ್ದೇನೆ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎ ತಂತ್ರಾಂಶ ಕನ್ನಡವನ್ನು ಸ್ಪಷ್ಟವಾಗಿ ಓದುವಂತೆ ಮಾಡೋದು ನನ್ನ ಕೆಲಸ. ಇಂಗ್ಲಿಷ್ ಬೆರೆತ ವಾಕ್ಯ ಬಂದರೆ ಉಚ್ಚಾರ ಇನ್ನೂ ತಪ್ಪುತ್ತೆ. ಹೋದ ತಿಂಗಳು ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿ, ಇತಿಹಾಸದ ನೋಟ್ಸ್ ಯಾರ ಸಹಾಯವೂ ಇಲ್ಲದೆ ಕೇಳಿಸಿಕೊಂಡೆ ಅಂದಳು. ಅವತ್ತಿನ ಸಂತೋಷಕ್ಕೆ ಬೆಲೆ ಕಟ್ಟಲಾರೆ. ಆದರೆ ಕೈಗೆ ಬರೋದು 45 ಸಾವಿರ, ಊರಲ್ಲಿ ಅಪ್ಪನ ಸಾಲ. ಈಗ ಸಾಲ ಕೊಡುವ ಆ್ಯಪ್ ಕಂಪನಿಯೊಂದು 95 ಸಾವಿರ ಕೊಡ್ತೀವಿ ಅಂತಿದೆ. ರಾತ್ರಿ ಆನ್‌ಕಾಲ್ ಇದೆ, ಅಂದರೆ ಕರೆ ಬಂದಾಗ ಎದ್ದು ಕೆಲಸ ಮಾಡಬೇಕು. ಏನು ಮಾಡಲಿ?

ಎಚ್‌ಆರ್ ಅಕ್ಕ:
95 ಕೈಗೆ ಬರೋದಾ, ಸಿಟಿಸಿ (ಕಂಪನಿ ನಿನಗಾಗಿ ಮಾಡುವ ಒಟ್ಟು ಖರ್ಚು) ಲೆಕ್ಕವಾ? ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಎಲ್ಲ ಸಿಟಿಸಿಗೇ ಸೇರಿಸಿರ್ತಾರೆ. ಈಗಿನ ಕಡೆ ಕಾಯಂ ಕೆಲಸದಲ್ಲಿ 5 ವರ್ಷ ತುಂಬುವ ಹತ್ತಿರ ಇದ್ದರೆ ಗ್ರಾಚ್ಯುಟಿ ಕಳ್ಕೋಬೇಡಮ್ಮ. ಕೆಲಸ ಬಿಡೋಕೆ ಮುಂಚೆ ಕೊಡಬೇಕಾದ ನೋಟಿಸ್ 90 ದಿನವಾ ನೋಡು. ಆನ್‌ಕಾಲ್ ತಿಂಗಳಿಗೆ ಎಷ್ಟು ವಾರ, ಮಾರನೇ ದಿನ ರಜೆ ಇದೆಯಾ ಅಂತ ಬರವಣಿಗೆಯಲ್ಲೇ ಕೇಳು.

ಹಳೇ ಕೋಡರ್:
ನಾನು ದುಡ್ಡಿನ ಕಡೆಗೇ ಹೋದೆ. ಮನೆ ಸಾಲ ತೀರಿತು, ಅಮ್ಮ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ. ಅದೂ ಅರ್ಥವಿರುವ ಕೆಲಸವೇ ತಂಗಿ. ಎನ್‌ವಿಡಿಎ ಮುಕ್ತ ತಂತ್ರಾಂಶ, ಹೊರಗಿದ್ದೂ ಕೋಡ್ ಕೊಡಬಹುದು. ಬಿಡುವಿನಲ್ಲಿ ಬರೆದ ಕೋಡೂ ಕಂಪನಿಯದ್ದೇ ಅನ್ನುವ ಷರತ್ತು ಒಪ್ಪಂದದಲ್ಲಿದ್ದರೆ ಸಹಿಗೆ ಮೊದಲೇ ತೆಗೆಸು.

ಹಾಸನದ ಹುಡುಗಿ:
ಆ ಷರತ್ತು ಇದೆ, ಈಗಷ್ಟೇ ನೋಡಿದೆ. ಸೋಮವಾರ ಆ ಆ್ಯಪ್ ಕಂಪನಿಯವರ ಹತ್ತಿರ ಮಾತಾಡ್ತೀನಿ. ಆದರೆ ಈಗಿನ ಸಂಸ್ಥೆಯಲ್ಲೇ 60 ಸಾವಿರ ಕೊಟ್ಟರೆ ಖಂಡಿತ ಬಿಡಲ್ಲ ಅಣ್ಣ.