ಗೈಡ್‌ಲೈನ್ ಹುಡುಕುವ ಸಾಫ್ಟ್‌ವೇರ್ ಕೊಳ್ಳಬಹುದಾ? ಬಳಸಿದವರು ಹೇಳಿ

ಜಿಗಣಿ ಆರ್‌ಎ:
ನಮ್ಮದು ಸಣ್ಣ ಜೆನೆರಿಕ್ ಔಷಧಿ ಕಂಪನಿ. ರೆಗ್ಯುಲೇಟರಿಯಲ್ಲಿ, ಅಂದರೆ ಸರ್ಕಾರಿ ಅನುಮತಿ ನೋಡಿಕೊಳ್ಳುವ ವಿಭಾಗದಲ್ಲಿ, ಇರುವುದು ನಾಲ್ಕೇ ಜನ. ಅಮೆರಿಕ, ಯುರೋಪ್ ಎರಡೂ ಕಡೆ ಫೈಲಿಂಗ್ ಇದೆ, ಜೊತೆಗೆ ಇಲ್ಲಿನ ಲೈಸೆನ್ಸ್ ಕೆಲಸ. ಒಂದು ಇಂಪ್ಯೂರಿಟಿ ಲಿಮಿಟ್ (ಔಷಧಿಯಲ್ಲಿ ಕಲ್ಮಶ ಎಷ್ಟಿರಬಹುದು ಅನ್ನುವ ಮಿತಿ) ನೋಡಬೇಕು ಅಂದರೆ ಹತ್ತು ಹನ್ನೆರಡು ಟ್ಯಾಬ್ ತೆರೆದು ಕೂರಬೇಕು. ಎಲ್ಲ ದೇಶದ ಗೈಡ್‌ಲೈನ್ ಒಂದೇ ಕಡೆ ಸಿಗುತ್ತದೆ ಅಂತ ಒಬ್ಬರು ಬಂದು ಡೆಮೊ ಕೊಟ್ಟು ಹೋದರು. ವರ್ಷದ ಚಂದಾ ಕಮ್ಮಿಯೇನಿಲ್ಲ. ಕೊಳ್ಳಬಹುದಾ? ಇಲ್ಲ, ಚಾಟ್‌ಬಾಟ್ ಇಟ್ಟುಕೊಂಡೇ ಸಾಗಿಸಬಹುದಾ?

ಡಾಸಿಯರ್ ದಾಸ:
ಇಂಥದ್ದೊಂದನ್ನು ನಾವು ಮೂರು ವರ್ಷದಿಂದ ಬಳಸುತ್ತಿದ್ದೇವೆ. ಹುಡುಕಿಕೊಡುವುದು ದೊಡ್ಡ ವಿಷಯ ಅಲ್ಲ, ಅದನ್ನು ಗೂಗಲ್ಲೂ ಮಾಡುತ್ತದೆ. ಸಿಕ್ಕಿದ್ದು ಈಗ ಜಾರಿಯಲ್ಲಿದೆಯಾ, ಯಾವ ದೇಶಕ್ಕೆ ಅನ್ನುವುದನ್ನು ಹೇಳುತ್ತದಾ ನೋಡಿ. ದುಡ್ಡು ಕೊಡುವುದು ಅದಕ್ಕೆ.

ಡೆಮೊದಲ್ಲಿ ಅವರು ತೋರಿಸಿದ್ದನ್ನು ನೋಡಬೇಡಿ, ನೀವೇ ಟೈಪ್ ಮಾಡಿ. ಮೊದಲು ಅನಲಿಟಿಕಲ್ ಮೆಥಡ್ ವ್ಯಾಲಿಡೇಶನ್ (ಪರೀಕ್ಷಾ ವಿಧಾನ ಸರಿ ಇದೆ ಅಂತ ಸಾಬೀತು ಮಾಡುವುದು) ಅಂತ ಹಾಕಿ. ಹಲವು ದೇಶಗಳಿಗೆ ಒಂದೇ ಥರದ ಔಷಧಿ ಗೈಡ್‌ಲೈನ್ ಮಾಡುವ ಸಂಸ್ಥೆ ಐಸಿಎಚ್. ಅದರ ಕ್ಯೂ2 ಗೈಡ್‌ಲೈನ್‌ನ ಹೊಸ ಆವೃತ್ತಿ ಆರ್2, ಜೊತೆಗಿನ ಕ್ಯೂ14 ಎರಡೂ 2023ರ ನವೆಂಬರ್‌ನಲ್ಲಿ ಅಂತಿಮವಾದವು. ನಮ್ಮ ಟೂಲ್ ಆಮೇಲೂ ಎಷ್ಟೋ ತಿಂಗಳು ಹಳೆಯ ಆರ್1 ಅನ್ನೇ ಮೇಲೆ ತೋರಿಸುತ್ತಿತ್ತು. ಹಳೆಯದು ಅಂತ ಒಂದು ಗುರುತೂ ಇರಲಿಲ್ಲ. ನಮ್ಮ ಹುಡುಗ ಅದನ್ನೇ ನಂಬಿ ಪ್ರೋಟೋಕಾಲ್ ಬರೆದ. ಗುಣಮಟ್ಟ ನೋಡುವ ಕ್ಯೂಎಯವರು ಹಿಡಿದರು, ಪುಣ್ಯ. ನಾಲ್ಕು ದಿನ ಕೂತು ತಿದ್ದಿದೆವು.

ಎರಡನೆಯದು ನೈಟ್ರೋಸಮೀನ್, ಕ್ಯಾನ್ಸರ್ ತರಬಲ್ಲ ಒಂದು ಬಗೆಯ ಕಲ್ಮಶ. 2023ರಲ್ಲಿ ಬಂದ ವರ್ಗೀಕರಣದಲ್ಲಿ ಎರಡರಿಂದ ಐದನೇ ವರ್ಗದವರೆಗೆ ಯುರೋಪ್, ಅಮೆರಿಕ ಎರಡೂ ಕಡೆ ಒಂದೇ ಲಿಮಿಟ್: ದಿನಕ್ಕೆ 100, 400, 1500, 1500 ನ್ಯಾನೋಗ್ರಾಂ. ಇದನ್ನು ನೋಡಿ ಎಲ್ಲ ಒಂದೇ ಅಂದುಕೊಂಡರೆ ಕೆಟ್ಟಿರಿ. ಮೊದಲನೇ ವರ್ಗಕ್ಕೆ ಯುರೋಪ್ 18 ಅಂತು, ಅಮೆರಿಕ 26.5 ಅಂತು. ಟೂಲ್ ಒಂದೇ ಸಂಖ್ಯೆ ತೋರಿಸಿದರೆ ಥ್ಯಾಂಕ್ಸ್ ಹೇಳಿ ಕಳಿಸಿಬಿಡಿ.

ಪೀಣ್ಯದ ಹಳಬ:
ನಾಲ್ಕು ಜನಕ್ಕೆ ಇದೆಲ್ಲ ಯಾಕೆ? ಐಸಿಎಚ್ ಸೈಟಿನಲ್ಲಿ ಕ್ಯೂ (ಗುಣಮಟ್ಟ), ಎಸ್ (ಸುರಕ್ಷತೆ), ಇ (ಪರಿಣಾಮ), ಎಂ (ಹಲವು ವಿಷಯ ಸೇರಿದ್ದು) ಅಂತ ನಾಲ್ಕೇ ಗುಂಪು. ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎಯ ಗೈಡೆನ್ಸ್ ಹುಡುಕುವ ಪುಟದಲ್ಲಿ ಡ್ರಾಫ್ಟಾ ಫೈನಲ್ಲಾ ಅಂತ ಬೇರೆ ಮಾಡಿ ನೋಡಬಹುದು. ಜೆನೆರಿಕ್‌ನವರಿಗೆ ಬೇಕಾದ ಪ್ರಾಡಕ್ಟ್ ಸ್ಪೆಸಿಫಿಕ್ ಗೈಡೆನ್ಸ್, ಡಿಸಲ್ಯೂಶನ್ ಮೆಥಡ್, ಇನ್‌ಆ್ಯಕ್ಟಿವ್ ಇಂಗ್ರೀಡಿಯೆಂಟ್ ಪಟ್ಟಿ, ಎಲ್ಲಾ ಬಿಟ್ಟಿ. ನಾನು ಒಂದು ಎಕ್ಸೆಲ್ ಶೀಟ್ ಮಾಡಿದ್ದೇನೆ: ಹೆಸರು, ದೇಶ, ಆವೃತ್ತಿ, ಜಾರಿಯ ದಿನ, ಕೊನೆಗೆ ನೋಡಿದ ದಿನ. ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ಅರ್ಧ ಗಂಟೆ ಕೂರುತ್ತೇನೆ. ಇಮೇಲ್ ಅಲರ್ಟ್ ಹಾಕಿಕೊಂಡಿದ್ದೇನೆ. ಸಾಕಾಗಿದೆ.

ನಂಜನಗೂಡು ಕ್ಯೂಎ:
ಹಳಬ ಸರ್ ಹೇಳಿದ ಶೀಟ್ ಸರಿ, ಆದರೆ ಜಾರಿಯ ದಿನ ಅಂತ ಒಂದೇ ಕಾಲಂ ಸಾಲದು. ಯುರೋಪಿನ ಆನೆಕ್ಸ್ 1 (ಸ್ಟೆರೈಲ್ ಔಷಧಿ ತಯಾರಿಕೆಯ ನಿಯಮ) ನೋಡಿ. ಪ್ರಕಟವಾಗಿದ್ದು 2022ರ ಆಗಸ್ಟ್. ಜಾರಿ 2023ರ ಆಗಸ್ಟ್ 25. ಲಯೋಫಿಲೈಸರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ) ಸ್ಟೆರಿಲೈಸೇಶನ್ ಬಗ್ಗೆ ಇರುವ 8.123ನೇ ಅಂಶ ಒಂದಕ್ಕೆ ಮಾತ್ರ ಇನ್ನೂ ಒಂದು ವರ್ಷ ಗಡುವು. ಒಂದೇ ದಾಖಲೆ, ಮೂರು ದಿನಾಂಕ. ನಾನು ನೋಡಿದ ಟೂಲಿನಲ್ಲಿ ಇದ್ದದ್ದು ಮೊದಲನೆಯದು ಮಾತ್ರ.

ಇನ್ನೊಂದು ವಿಷಯ. ಆಡಿಟ್‌ಗೆ ಬಂದವರು ನಮ್ಮನ್ನು ಕೇಳಿದ್ದು, "ಈ ಸ್ಪೆಸಿಫಿಕೇಶನ್ ನಿಗದಿ ಮಾಡುವಾಗ ಯಾವ ಆವೃತ್ತಿ ನೋಡಿದ್ದಿರಿ?" ಅಂತ. ಟೂಲ್ ತೆರೆದೆವು. ಅಲ್ಲಿ ಹೊಸದು ಮಾತ್ರ ಇತ್ತು, ಹಳೆಯದನ್ನು ತೆಗೆದುಬಿಟ್ಟಿದ್ದರು. ಆವತ್ತಿಂದ ಏನೇ ನೋಡಿದರೂ ಪಿಡಿಎಫ್ ಇಳಿಸಿ, ಹೆಸರಿನಲ್ಲೇ ದಿನಾಂಕ ಹಾಕಿ ಸರ್ವರ್‌ನಲ್ಲಿ ಇಡುತ್ತೇವೆ.

ಹಾಗೇ ನಮ್ಮ ಶೆಡ್ಯೂಲ್ ಎಂ (ಔಷಧಿ ತಯಾರಿಕೆಯ ಗುಣಮಟ್ಟಕ್ಕೆ ಭಾರತದ ನಿಯಮ) ಹುಡುಕಿ ನೋಡಿ. ಪರಿಷ್ಕೃತ ಶೆಡ್ಯೂಲ್‌ನ ಅಧಿಸೂಚನೆ 2023ರ ಡಿಸೆಂಬರ್ 28ರದ್ದು. ಹೊರದೇಶದ ಟೂಲ್‌ಗಳಿಗೆ ಭಾರತ ಅಂದರೆ ಅಷ್ಟಕ್ಕಷ್ಟೇ. ನಮ್ಮ ಗೆಜೆಟ್ ಪಿಡಿಎಫ್‌ಗಳೂ ಹಾಗೇ ಇವೆ ಬಿಡಿ: ಮೊದಲು ಹಿಂದಿ, ಅರ್ಧ ದಾಟಿದ ಮೇಲೆ ಇಂಗ್ಲಿಷ್. ಹಳೆಯವು ಕೆಲವು ಬರೀ ಸ್ಕ್ಯಾನ್, ಅದರೊಳಗೆ ಪದ ಹುಡುಕಲು ಆಗುವುದೇ ಇಲ್ಲ.

ಟಾಕ್ಸ್ ಟೇಬಲ್:
ಚಾಟ್‌ಬಾಟ್ ಕೇಳಿದ್ದಿರಲ್ವಾ, ನನ್ನ ಅನುಭವ ಹೇಳುತ್ತೇನೆ. ಹದಿನಾಲ್ಕು ದಿನ ಕೊಡುವ ಆ್ಯಂಟಿಬಯೋಟಿಕ್‌ನಲ್ಲಿ ಒಂದು ಮ್ಯೂಟಜೆನಿಕ್ (ಡಿಎನ್‌ಎ ಕೆಡಿಸಬಲ್ಲ) ಇಂಪ್ಯೂರಿಟಿ ಇತ್ತು. ಲಿಮಿಟ್ ಎಷ್ಟು ಅಂತ ಕೇಳಿದೆ. ದಿನಕ್ಕೆ 1.5 ಮೈಕ್ರೋಗ್ರಾಂ ಅಂತು, ಸ್ವಲ್ಪವೂ ಅಳುಕಿಲ್ಲದೆ. ಅದು ಹತ್ತು ವರ್ಷಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಔಷಧಿಯ ಲೆಕ್ಕ. ಇಂಥವಕ್ಕೇ ಇರುವ ಐಸಿಎಚ್ ಗೈಡ್‌ಲೈನ್ ಎಂ7ರ ಟೇಬಲ್‌ನಲ್ಲಿ ಒಂದು ತಿಂಗಳ ಒಳಗಿದ್ದರೆ 120, ಒಂದು ವರ್ಷದವರೆಗೆ 20, ಹತ್ತು ವರ್ಷದವರೆಗೆ 10. ನೈಟ್ರೋಸಮೀನ್ ಥರದವಕ್ಕೆ ಈ ಟೇಬಲ್ಲೇ ಲಾಗೂ ಆಗುವುದಿಲ್ಲ. ಸೆಕ್ಷನ್ ನಂಬರ್ ಬೇರೆ ಕೊಟ್ಟಿತ್ತು. ತೆರೆದು ನೋಡಿದರೆ ಅಲ್ಲಿ ಬೇರೇನೋ ಇತ್ತು.

ಈಗ ಯಾವ ಗೈಡ್‌ಲೈನ್ ತೆರೆಯಬೇಕು ಅನ್ನುವಷ್ಟಕ್ಕೆ ಮಾತ್ರ ಕೇಳುತ್ತೇನೆ. ಸಂಖ್ಯೆಯನ್ನು ಮೂಲದಲ್ಲೇ ಓದುತ್ತೇನೆ. ನಿಮ್ಮ ಡಿಎಂಎಫ್ (ತಯಾರಿಕೆಯ ಗುಟ್ಟಿನ ವಿವರ ಇರುವ ದಾಖಲೆ) ಪುಟ ಕಾಪಿ ಮಾಡಿ ಅದಕ್ಕೆ ಹಾಕಬೇಡಿ ಮಾತ್ರ.

ಜಿಗಣಿ ಆರ್‌ಎ:
ಎಲ್ಲರಿಗೂ ಥ್ಯಾಂಕ್ಸ್. ಡೆಮೊ ಲಾಗಿನ್ ಇನ್ನೂ ನಡೆಯುತ್ತಿತ್ತು, ಇವತ್ತು ನೀವು ಹೇಳಿದ್ದನ್ನೆಲ್ಲ ಹಾಕಿ ನೋಡಿದೆ. ಕ್ಯೂ2 ಸರಿಯಾಗಿ ಬಂತು, ಆರ್1 ಪಕ್ಕದಲ್ಲಿ ಕೆಂಪು ಗುರುತೂ ಇತ್ತು. ನೈಟ್ರೋಸಮೀನ್‌ಗೆ 26.5 ಒಂದೇ. ಆನೆಕ್ಸ್ 1ಕ್ಕೆ ಒಂದೇ ದಿನಾಂಕ. ಶೆಡ್ಯೂಲ್ ಎಂ ಹಾಕಿದರೆ ಏನೂ ಸಿಗಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಅವರಿಗೆ ಕಳಿಸಿದ್ದೇನೆ. ಅವರ ಉತ್ತರ ಬರುವವರೆಗೆ ಎಕ್ಸೆಲ್ ಶೀಟ್, ಜಾರಿಗೆ ಎರಡು ಕಾಲಂ. ಸೋಮವಾರದ ಕಾಫಿಗೆ ಬಾಸ್ ಒಪ್ಪಿದ್ದಾರೆ.